ಕೆಟ್ಟ ಸಾಮಾನು ಹಿಡಿದು ಎಣಿಕೆಗೆ ಹೊರಟವರು

ಒಂದು ರಾಜ್ಯದಲ್ಲಿ ಹೊಸ ವಸ್ತುಗಳನ್ನು ತಯಾರಿಸುವವರು ಎಷ್ಟು ಜನ ಎಂದು ಲೆಕ್ಕವಿಡುವುದಕ್ಕೆ ಇಲಾಖೆಗಳಿವೆ, ಸಮಿತಿಗಳಿವೆ, ವರ್ಷಕ್ಕೊಂದು ದಪ್ಪ ವರದಿಯೂ ಇದೆ. ಆದರೆ ತಯಾರಾದದ್ದು ಕೆಟ್ಟ ಮೇಲೆ ಅದನ್ನು ಸರಿಮಾಡಿ ಮತ್ತೆ ನಮ್ಮ ಕೈಗಿಡುವವರು ಎಷ್ಟು ಜನ, ಅವರು ಎಲ್ಲಿ ಕೂರುತ್ತಾರೆ, ಹೋದ ವರ್ಷ ಕೂತಿದ್ದವರು ಈ ವರ್ಷ ಎಲ್ಲಿಗೆ ಹೋದರು ಎಂಬ ಪ್ರಶ್ನೆಯನ್ನು ನಮ್ಮ ಉದ್ಯೋಗ ಅಂಕಿಅಂಶ ಇಲಾಖೆಯಲ್ಲಿ ಬಹುಕಾಲ ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಂಡವರು ಒಬ್ಬರೇ. ರಿಪೇರಿ ಮತ್ತು ನಿರ್ವಹಣಾ ಉದ್ಯೋಗಗಳ ವಿಭಾಗವನ್ನು ಶೂನ್ಯದಿಂದ ಕಟ್ಟಿ, ಮೂವತ್ತನಾಲ್ಕು ವರ್ಷದ ಸೇವೆ ಮುಗಿಸಿ, ಈಗ ನಿವೃತ್ತರಾಗಿರುವ ಅವರನ್ನು ಇಲಾಖೆಯ ದಾಖಲೆಗಳು ಉಪನಿರ್ದೇಶಕರು ಎನ್ನುತ್ತವೆ. ಬೀದಿಯ ಅಂಗಡಿಯವರಿಂದ ಹಿಡಿದು ಕಚೇರಿಯ ಬಾಗಿಲು ಕಾಯುವವರವರೆಗೆ ಉಳಿದೆಲ್ಲರೂ ಕರೆಯುವುದು ರಿಪೇರಿ ಮೇಡಂ ಎಂದೇ. ಈ ಹೆಸರನ್ನು ಇಟ್ಟವರು ಯಾರೆಂದು ಪತ್ತೆಹಚ್ಚಲು ಅವರೇ ಒಂದು ಸಲ ಪ್ರಯತ್ನಿಸಿ, ಹನ್ನೊಂದು ಜನ ತಾವೇ ಇಟ್ಟದ್ದೆಂದು ಹೇಳಿದ ಮೇಲೆ ಕೈಬಿಟ್ಟರು.

ಅವರು ಸೇವೆಗೆ ಸೇರಿದಾಗ ಗಡಿಯಾರ ಸರಿಮಾಡುವವರು, ಛತ್ರಿಯ ಕಡ್ಡಿ ಕಟ್ಟುವವರು, ಲಿಫ್ಟಿಗೆ ಎಣ್ಣೆ ಬಿಡುವವರು, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವವರು ಎಲ್ಲರೂ ನಮ್ಮ ಪಟ್ಟಿಗಳಲ್ಲಿ 'ಇತರೆ' ಎಂಬ ಒಂದೇ ಕಾಲಮ್ಮಿನೊಳಗೆ ಉಸಿರುಗಟ್ಟಿ ಕೂತಿದ್ದರು. ಮೂರನೆಯ ವರ್ಷದಲ್ಲಿ ಮೇಡಂ ಅಂದಿನ ನಿರ್ದೇಶಕರ ಕೋಣೆಗೆ ಹೋಗಿ, ಈ 'ಇತರೆ' ಎಂದರೆ ಯಾರು ಸರ್ ಎಂದು ಕೇಳಿದರಂತೆ. ನಿರ್ದೇಶಕರು ಕಡತದಿಂದ ತಲೆಯೆತ್ತದೆ, ಇತರೆ ಅಂದರೆ ಇತರೆ ಎಂದರಂತೆ. ಆ ಉತ್ತರ ಅವರಿಗೆ ರುಚಿಸಲಿಲ್ಲ. ಮರುವಾರವೇ ಅರ್ಜಿ ನಮೂನೆಗಳ ಕಟ್ಟು ಹಿಡಿದು ಬೀದಿಗಿಳಿದರು.

ಇಳಿದದ್ದೇನೋ ಇಳಿದರು; ಬೀದಿ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕೈಯಲ್ಲಿ ಕಾಗದ, ಹೆಗಲಲ್ಲಿ ಚೀಲ, ಮುಖದಲ್ಲಿ ಸರ್ಕಾರಿ ನಗು ಹೊತ್ತು ಬಂದ ಹೆಣ್ಣುಮಗಳನ್ನು ತೆರಿಗೆಯವರೆಂದೇ ತಿಳಿದು ಅಂಗಡಿಯವರು ಬಾಯಿ ಬಿಗಿದುಕೊಂಡರು. ಇಲ್ಲಿ ಯಾರೂ ಕೆಲಸ ಮಾಡಲ್ಲಮ್ಮ ಎಂದು ಒಬ್ಬರು ಹೇಳುತ್ತಿದ್ದಾಗ ಅವರ ಬೆನ್ನ ಹಿಂದೆ ನಾಲ್ಕು ಜನ ಬೆವರಿಳಿಸಿ ಕೆಲಸ ಮಾಡುತ್ತಿದ್ದರು. ಎರಡು ವಾರ ಹೀಗೆಯೇ ಕಳೆಯಿತು. ಮೂರನೆಯ ವಾರ ಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟಿತು. ದಾರಿಯಲ್ಲಿ ಕೊಟ್ಟು ಹೋಗೋಣವೆಂದು ಅದನ್ನು ಚೀಲಕ್ಕೆ ಹಾಕಿಕೊಂಡು, ಅದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಅಂಗಡಿಯವರ ಮುಖ ಅರಳಿತು. ಇಸ್ತ್ರಿಪೆಟ್ಟಿಗೆಯ ಹೊಟ್ಟೆ ಬಿಚ್ಚುತ್ತ ಅವರು ತಮ್ಮ ವೃತ್ತಿ, ತಮ್ಮ ತಮ್ಮನ ವೃತ್ತಿ, ಎದುರು ಅಂಗಡಿಯವನ ಕಳ್ಳಬುದ್ಧಿ ಎಲ್ಲವನ್ನೂ ಒಂದು ಗಂಟೆ ಹೇಳಿದರು. ಮೇಡಂ ನಮೂನೆ ತುಂಬಿಸಿಕೊಂಡು ಹೊರಬಂದಾಗ ಅವರಿಗೆ ಒಂದು ಸಂಗತಿ ಹೊಳೆದಿತ್ತು: ರಿಪೇರಿಯವರು ಕಾಗದ ಕಂಡರೆ ಮೂಕರು, ಕೆಟ್ಟದ್ದನ್ನು ಕಂಡರೆ ಮಾತುಗಾರರು.

ಕೆಟ್ಟ ಸಾಮಾನಿಲ್ಲದೆ ಸಮೀಕ್ಷೆಗೆ ಹೊರಡಬಾರದೆಂಬ ನಮ್ಮ ವಿಭಾಗದ ಅಲಿಖಿತ ಕಾನೂನು ಹುಟ್ಟಿದ್ದು ಹೀಗೆ. ಕಚೇರಿಯ ಮೂಲೆಯ ಬೀರುವಿನಲ್ಲಿ ನಿಂತ ಗಡಿಯಾರ, ಮುರಿದ ಛತ್ರಿ, ಮೂಗಿನಲ್ಲಿ ಮಾತಾಡುವ ರೇಡಿಯೊಗಳನ್ನು ಜೋಡಿಸಿಟ್ಟಿದ್ದೆವು. ಕ್ಷೇತ್ರಕ್ಕೆ ಹೊರಡುವವರು ಒಂದೊಂದನ್ನು ಎತ್ತಿಕೊಂಡು ಹೋಗುತ್ತಿದ್ದರು. ತೊಂದರೆಯೆಂದರೆ, ಹೋದ ಸಾಮಾನು ಸರಿಯಾಗಿ ವಾಪಸ್ಸು ಬರುತ್ತಿತ್ತು. ಸರಿಯಾದ ಸಾಮಾನಿನಿಂದ ನಮಗೆ ಏನುಪಯೋಗ? ಬೀರು ಖಾಲಿಯಾದಾಗ ಮೇಡಂ ತಮ್ಮ ಮನೆಯಿಂದಲೇ ತರುತ್ತಿದ್ದರು. ಅವರ ಅತ್ತೆಯವರು ಇಂದಿಗೂ ಬಂದವರೊಡನೆ ದೂರುವುದುಂಟು: "ಬೇರೆ ಮನೆ ಸೊಸೆಯಂದಿರು ಸಾಮಾನು ಒಳಗೆ ತರ್ತಾರೆ. ನಮ್ಮವಳು ಹೊರಗೆ ಸಾಗಿಸ್ತಾಳೆ. ನಂಗೂ ಮಂಡಿ ನೋವು ಶುರುವಾಗಿದೆ, ನನ್ನನ್ನ ಯಾವಾಗ ಚೀಲಕ್ಕೆ ಹಾಕ್ಕೋತಾಳೋ!"

ಮೇಡಂ ಅವರ ಕೈಕೆಳಗೆ ಕೆಲಸ ಕಲಿತವರಲ್ಲಿ ಅವರ ದಯೆಯ ಒಂದೊಂದು ಕಥೆ ಇಲ್ಲದವರಿಲ್ಲ. ನಮ್ಮ ಸಹೋದ್ಯೋಗಿಯೊಬ್ಬರು ಹೊಸದಾಗಿ ಸೇರಿದಾಗ ಬಿಸಿಲಿಗೆ ಹೆದರಿ, ಮನೆಯಲ್ಲೇ ಕೂತು ಹನ್ನೆರಡು ಗಡಿಯಾರದ ಅಂಗಡಿಗಳ ನಮೂನೆಗಳನ್ನು ತುಂಬಿಸಿ ತಂದಿದ್ದರು. ಮೇಡಂ ಅವನ್ನು ತಿರುವಿ ಹಾಕಿ, ಹನ್ನೆರಡು ಜನರಿಗೂ ನಲವತ್ತೇ ವಯಸ್ಸು ಎಂಬುದನ್ನು ಕಂಡರು. ಬೇರೆಯವರಾಗಿದ್ದರೆ ಕಾರಣ ಕೇಳಿ ನೋಟಿಸು ಕೊಡುತ್ತಿದ್ದರು. ಇವರು ಕನ್ನಡಕ ಸರಿಪಡಿಸಿಕೊಂಡು, "ಏನು ವಿಚಿತ್ರ ನೋಡಿ, ಇವರೆಲ್ಲ ಒಂದೇ ವರ್ಷ ಹುಟ್ಟಿದಾರೆ. ನಂಗೂ ನೋಡ್ಬೇಕಲ್ಲ, ಬನ್ನಿ ಹೋಗೋಣ" ಎಂದು, ನಿಂತ ಗಡಿಯಾರವೊಂದನ್ನು ಅವರ ಕೈಗೆ ಕೊಟ್ಟು ಹೊರಡಿಸಿದರು. ಹನ್ನೆರಡು ಅಂಗಡಿ ಸುತ್ತಿ ಬಂದಾಗ ಅವರ ನಡುವೆ ಆ ವಿಷಯದ ಮಾತೇ ಬರಲಿಲ್ಲ. ಆ ಸಹೋದ್ಯೋಗಿ ಇಂದು ಜಿಲ್ಲಾ ಅಂಕಿಅಂಶ ಅಧಿಕಾರಿಯಾಗಿ ಇಲಾಖೆಯ ಅತ್ಯಂತ ನಂಬಿಕಸ್ಥ ಅಂಕಿಗಳನ್ನು ಕಳಿಸುತ್ತಾರೆ. ಈ ಕಥೆಯನ್ನು ಇಲ್ಲಿ ಸೇರಿಸಲೇಬೇಕೆಂದು ಹಟ ಹಿಡಿದವರೂ ಅವರೇ.

ಸೇವೆಯ ನಾಲ್ಕನೆಯ ವರ್ಷದಲ್ಲಿ ಹೊರಬಂದ ಮೊದಲ ಸಮೀಕ್ಷಾ ವರದಿ, ಅದರ ರಟ್ಟಿನ ಬಣ್ಣದಿಂದಾಗಿ ನೀಲಿ ಪುಸ್ತಕವೆಂದೇ ಹೆಸರಾಯಿತು. ರಿಪೇರಿ ಕೆಲಸವನ್ನೇ ನಂಬಿ ಬದುಕುವವರು ರಾಜ್ಯದಲ್ಲಿ ಎಷ್ಟು ಮಂದಿಯೆಂದು ಅದುವರೆಗೆ ಯಾರೂ ಊಹಿಸಿರಲಿಲ್ಲ. ಆ ಪುಸ್ತಕದ ಆಧಾರದ ಮೇಲೆಯೇ ಸರ್ಕಾರಿ ತರಬೇತಿ ಶಾಲೆಗಳಲ್ಲಿ ರಿಪೇರಿ ತರಗತಿಗಳು ತೆರೆದವು. ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕಲಿಸುವ ತರಗತಿ ಅವುಗಳಲ್ಲಿ ಮೊದಲನೆಯದು. ಹತ್ತು ವರ್ಷಕ್ಕೊಮ್ಮೆ ಅದೇ ವಿಧಾನದಲ್ಲಿ ಸಮೀಕ್ಷೆ ನಡೆಯುತ್ತ ಬಂದಿತು. ಮೇಡಂ ಅವರಿಗೆ ಅಂಕಿಗಿಂತ ಅಂಕಿಯ ಹಿಂದಿನ ಮನುಷ್ಯರ ಓಡಾಟದಲ್ಲೇ ಹೆಚ್ಚು ಕುತೂಹಲ. ಬೆರಳಚ್ಚು ಯಂತ್ರ ಸರಿಮಾಡುತ್ತಿದ್ದವರೊಬ್ಬರು ಆ ಯಂತ್ರಗಳು ಮೂಲೆ ಸೇರಿದ ಮೇಲೆ ಹೊಲಿಗೆ ಯಂತ್ರಕ್ಕೆ ಹೋಗಿ, ಅಲ್ಲಿಂದ ಪ್ರಿಂಟರಿಗೆ ಹಾರಿ, ಈಗ ಕಟ್ಟಡವೊಂದರ ಲಿಫ್ಟುಗಳನ್ನು ನೋಡಿಕೊಳ್ಳುತ್ತಿರುವುದನ್ನು ಅವರು ಮೂವತ್ತು ವರ್ಷ ಬೆನ್ನುಹತ್ತಿ ಬರೆದಿಟ್ಟಿದ್ದಾರೆ. ಅಂಟು ಹಾಕಿ ಮುಚ್ಚಿದ ಫೋನುಗಳು ಬಂದಾಗ ಬಿಚ್ಚುವವರ ಸಂಖ್ಯೆ ಇಳಿದದ್ದನ್ನೂ, ಕಂಪನಿಯ ಅಂಗಿ ತೊಟ್ಟು ಮನೆಮನೆಗೆ ಹೋಗುವ ಮೆಕ್ಯಾನಿಕ್‌ಗಳು ಏರಿದ್ದನ್ನೂ ಮೊದಲು ಗುರುತಿಸಿದವರು ಅವರೇ. "ಕೆಲಸ ಸಾಯಲ್ಲ, ಬೋರ್ಡು ಬದಲಾಯಿಸುತ್ತೆ" ಎಂಬುದು ಅವರ ಮಾತು.

ಇಷ್ಟೆಲ್ಲ ಹೇಳಿದ ಮೇಲೆ, ಅವರ ಸೇವೆಯ ಕೊನೆಯ ಐದು ತಿಂಗಳ ವಿಷಯಕ್ಕೆ ಬರಬೇಕು. ಇಂಥ ಅಭಿನಂದನ ಸಂಪುಟದಲ್ಲಿ ಯಾರೂ ತಪ್ಪುಗಳ ಬಗ್ಗೆ ಬರೆಯುವುದಿಲ್ಲ. ಆದರೆ ಅದನ್ನು ಬಿಟ್ಟು ಬರೆಯೋಣವೇ ಎಂದು ನಾವು ಕೇಳಿದಾಗ ಮೇಡಂ, "ಅದನ್ನ ಬಿಟ್ರೆ ನನ್ನ ಬಗ್ಗೆ ಬರೆಯೋಕೆ ಇರೋದಾದ್ರೂ ಏನು?" ಎಂದರು.

ನಾಲ್ಕನೆಯ ಸಮೀಕ್ಷೆಯ ಅಂಕಿಗಳು ಆಗಷ್ಟೇ ಬಂದಿದ್ದವು. ಈ ಸಲ ಕಾಗದದ ಬದಲು ಟ್ಯಾಬ್ಲೆಟ್ ಯಂತ್ರಗಳಲ್ಲಿ ತುಂಬಿಸಿದ್ದೆವು. ಮೋಟಾರು ವೈಂಡಿಂಗ್ ಮಾಡುವವರ ಸಂಖ್ಯೆ ಹತ್ತು ವರ್ಷಗಳಲ್ಲಿ ನೂರಿದ್ದಲ್ಲಿ ಐವತ್ತೊಂಬತ್ತಕ್ಕೆ ಇಳಿದಿತ್ತು. ಅಂಕಿ ಹೊರಬಿದ್ದ ಹದಿನೈದು ದಿನಕ್ಕೇ ತರಬೇತಿ ಇಲಾಖೆಯಿಂದ ಪತ್ರ ಬಂದಿತು: ಕೆಲಸವೇ ಇಲ್ಲದ ವೃತ್ತಿಗೆ ತರಗತಿ ಏಕೆ, ಈ ವರ್ಷದ ಕೊನೆಗೆ ವೈಂಡಿಂಗ್ ತರಗತಿಗಳನ್ನು ಮುಚ್ಚಲಾಗುವುದು, ಕುಸಿತವನ್ನು ದೃಢಪಡಿಸಿ ಸಹಿ ಮಾಡಿ ಕಳಿಸಿ. ಮೇಡಂ ಸಹಿ ಮಾಡಲಿಲ್ಲ. ಅನುಮಾನವಿತ್ತೆಂದಲ್ಲ, ಕುತೂಹಲವಿತ್ತು. ಇಷ್ಟು ಜನ ಕೆಲಸ ಬಿಟ್ಟರೆ ಅವರು ಇನ್ನೆಲ್ಲಾದರೂ ಕಾಣಿಸಿಕೊಳ್ಳಬೇಕಲ್ಲ? ಬೇರೆ ಯಾವ ಕಾಲಮ್ಮಿನಲ್ಲೂ ಸಂಖ್ಯೆ ಏರಿರಲಿಲ್ಲ. ಎಲ್ಲಿ ಹೋದರು ಇವರೆಲ್ಲ ಎಂದು ಗೊಣಗುತ್ತ, ಒಂದು ಸೋಮವಾರ ಬೆಳಗ್ಗೆ ತಮ್ಮ ಮೇಜಿನ ಮೇಲಿದ್ದ ಸುಟ್ಟ ಟೇಬಲ್ ಫ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು, ಮೂವತ್ತು ವರ್ಷದ ಹಿಂದೆ ಇಸ್ತ್ರಿಪೆಟ್ಟಿಗೆ ಕೊಟ್ಟಿದ್ದ ಅದೇ ಬೀದಿಗೆ ಹೋದರು.

ಆ ಬೀದಿಯಲ್ಲಿ ಈಗಲೂ ನಾಲ್ಕು ಎಲೆಕ್ಟ್ರಿಕ್ ರಿಪೇರಿ ಅಂಗಡಿಗಳಿವೆ. ಮೊದಲ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಮಾಸಿದ ಪರದೆ, ಪರದೆಯ ಹಿಂದೆ ಒಂದು ಮಣೆ, ಮಣೆಯ ಮೇಲೆ ತಾಮ್ರದ ತಂತಿಯ ಉಂಡೆಗಳ ನಡುವೆ ಅರವತ್ತರ ಹತ್ತಿರದ ಒಬ್ಬರು. ಬೀದಿಯವರು ಅವರನ್ನು ತಂತಿಯಣ್ಣ ಎನ್ನುತ್ತಾರೆ. ಅವರು ಫ್ಯಾನಿನ ಬೆನ್ನು ಬಿಚ್ಚಿ, ಮೂಸಿ ನೋಡಿ, ಕಾಯಿಲ್ ಪೂರ್ತಿ ಸುಟ್ಟಿದೆ, ಸಮಯ ಬೇಕು ಎಂದರು. ಬುಧವಾರ ಮೇಡಂ ಅತ್ತೆಯವರ ಮಿಕ್ಸಿ ಹಿಡಿದು ಮೂರನೆಯ ಅಂಗಡಿಗೆ ಹೋದರು. ಅಲ್ಲಿಯೂ ಪರದೆ, ಅಲ್ಲಿಯೂ ಮಣೆ, ಮಣೆಯ ಮೇಲೆ ತಂತಿಯಣ್ಣ.

"ಅರೆ, ನೀವು ಇಲ್ಲೂ ಇದೀರಾ?"

"ನಾಲ್ಕೂ ಕಡೆ ಇದೀನಿ ಮೇಡಂ. ಸೋಮವಾರ ಅಲ್ಲಿ, ಮಂಗಳವಾರ ಪಕ್ಕದಲ್ಲಿ, ಇವತ್ತು ಇಲ್ಲಿ, ಆಮೇಲೆ ಆ ಕೊನೇದು. ಒಬ್ಬೊಬ್ಬರಿಗೂ ಒಬ್ಬೊಬ್ಬ ವೈಂಡಿಂಗ್‌ನವನು ಬೇಕು ಅಂದ್ರೆ ಎಲ್ಲಿಂದ ತರ್ತಾರೆ?"

"ಯಾವಾಗಿಂದ ಹೀಗೆ?"

"ಮೊದಲಿಂದಲೂ ಹೀಗೇ. ನೀವು ಇಸ್ತ್ರಿಪೆಟ್ಟಿಗೆ ಎತ್ಕೊಂಡು ಬಂದಿದ್ರಲ್ಲ, ಆವಾಗಲೂ ಹೀಗೇ." ತಂತಿಯಣ್ಣ ತಂತಿ ಎಳೆಯುತ್ತಲೇ ನಕ್ಕರು. "ಆವಾಗ ನೀವು ನನ್ನನ್ನ ನಾಲ್ಕು ಸಲ ಬರ್ಕೊಂಡ್ರಿ. ಪ್ರತಿ ಅಂಗಡೀಲೂ ಯಜಮಾನರು, ವೈಂಡಿಂಗ್‌ಗೆ ಒಬ್ಬ ಇದಾನೆ ಅಂದ್ರು. ನೀವು ಒಂದು ಅಂತ ಬರ್ಕೊಂಡ್ರಿ. ನಾನು ಪರದೆ ಹಿಂದೆ ಕೂತು ಕೇಳಿಸ್ಕೊಂಡೆ."

"ಹೇಳಬಾರದಿತ್ತಾ ನೀವು?"

"ನೀವು ಕೇಳಿದ್ದು ಯಜಮಾನರನ್ನ. ನನ್ನನ್ನ ಯಾರೂ ಏನೂ ಕೇಳಲಿಲ್ಲವಲ್ಲ ಮೇಡಂ."

ಮೇಡಂ ಆ ಮಣೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಅವರು ನಮಗೆ ಅದೆಷ್ಟು ಸಲ ಹೇಳಿದ್ದರೋ. ಕೆಲಸ ಮಾಡುವ ಕೈಯ ಜೊತೆ ಮಾತಾಡಿ ಎಂದು ಮೂರು ತಲೆಮಾರಿನ ನೌಕರರಿಗೆ ಪಾಠ ಹೇಳಿದ ಅವರು, ತಮ್ಮ ಮೊದಲ ಸಮೀಕ್ಷೆಯಲ್ಲಿ ಗಲ್ಲಾಪೆಟ್ಟಿಗೆಯ ಮೇಲಿನ ಬಾಯಿಯ ಜೊತೆಯಷ್ಟೇ ಮಾತಾಡಿದ್ದರು. ಅದಾದ ಮೇಲಿನ ಎರಡು ಸಮೀಕ್ಷೆಗಳೂ ಅವರೇ ಬರೆದಿಟ್ಟ ಸೂಚನೆಯಂತೆ ಅಂಗಡಿಯವರನ್ನೇ ಕೇಳಿದ್ದವು. ಈ ಸಲದ ಯಂತ್ರಕ್ಕೆ ಮಾತ್ರ ಯಾರ ಮುಲಾಜೂ ಇರಲಿಲ್ಲ. ಕೆಲಸಗಾರರ ಹೆಸರಿನ ಜೊತೆ ಕೊಟ್ಟ ಫೋನ್ ನಂಬರು ಎರಡನೆಯ ಸಲ ಬಂದರೆ ಅದು ಆ ಹೆಸರನ್ನು ಸದ್ದಿಲ್ಲದೆ ಕಿತ್ತುಹಾಕುತ್ತಿತ್ತು. ಹಾಗಾಗಿ ಹೋದ ಸಲದ ನಾಲ್ಕು ತಂತಿಯಣ್ಣಂದಿರು ಈ ಸಲ ಒಬ್ಬರಾಗಿದ್ದರು. ಯಾರೂ ಎಲ್ಲಿಗೂ ಹೋಗಿರಲಿಲ್ಲ.

ತಂತಿಯಣ್ಣ ಮಿಕ್ಸಿಯನ್ನು ಪಕ್ಕಕ್ಕಿಟ್ಟು, ಒಂದು ಮಾತು ಕೇಳಲೇ ಎಂದರು. ಅವರ ಮಗಳು ತರಬೇತಿ ಶಾಲೆಯಲ್ಲಿ ವೈಂಡಿಂಗ್ ತರಗತಿಯ ಮೊದಲ ವರ್ಷದಲ್ಲಿದ್ದಳು. ಎರಡನೆಯ ವರ್ಷ ಇರುವುದಿಲ್ಲವೆಂದು ಅಲ್ಲಿ ಸುದ್ದಿ ಹಬ್ಬಿತ್ತು.

"ನನಗೆ ಕಣ್ಣು ಮಂಜಾಗ್ತಾ ಇದೆ ಮೇಡಂ. ಸಣ್ಣ ತಂತಿ ಕಾಣಲ್ಲ, ಬೆರಳಲ್ಲೇ ಎಣಿಸ್ತೀನಿ. ಇನ್ನೆರಡು ವರ್ಷಕ್ಕೆ ಈ ನಾಲ್ಕು ಮಣೆ ಅವಳಿಗೆ ಅಂತ ನಾಲ್ಕು ಯಜಮಾನರೂ ಒಪ್ಪಿದಾರೆ. ಅರ್ಧ ಕಲಿತವಳನ್ನ ಯಾರು ಕೂರಿಸ್ಕೋತಾರೆ? ಕೆಲಸ ಇಲ್ಲ ಅಂತ ಬರೆದವರು ಯಾರು, ನಿಮಗೇನಾದ್ರೂ ಗೊತ್ತಾ?"

ಗೊತ್ತು, ನಾನೇ ಎಂದರು ಮೇಡಂ.

ಮುಂದಿನ ಏಳು ವಾರ ನಮ್ಮ ವಿಭಾಗ ಬೇರೆ ಕೆಲಸ ಮಾಡಿದ್ದಿಲ್ಲ. ಕಡತಗಳ ಕೋಣೆಯಿಂದ ನೀಲಿ ಪುಸ್ತಕದಿಂದ ಹಿಡಿದು ಹೋದ ಸಲದವರೆಗಿನ ಮೂಲ ನಮೂನೆಗಳನ್ನು ಇಳಿಸಿ, ಧೂಳು ಕೊಡವಿ, ಬೀದಿ ಬೀದಿಯಾಗಿ ವಿಂಗಡಿಸಿದೆವು. ಬೀರುವಿನಲ್ಲಿ ಉಳಿದಿದ್ದ ಕೆಟ್ಟ ಸಾಮಾನುಗಳನ್ನೆಲ್ಲ ಹಂಚಿಕೊಂಡು ಅರವತ್ತು ಬೀದಿಗಳಿಗೆ ಹೋದೆವು. ಈ ಸಲ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲದೆ, ಪರದೆ ಸರಿಸಿ ಒಳಗೆ ಹೋಗಿ, ನೀವು ವಾರಕ್ಕೆ ಎಷ್ಟು ಅಂಗಡಿಯಲ್ಲಿ ಕೂರುತ್ತೀರಿ ಎಂಬ ಒಂದೇ ಪ್ರಶ್ನೆ ಕೇಳಿದೆವು. ಇಬ್ಬರು ಎಂದು ಬರೆದಲ್ಲಿ ಒಬ್ಬರು, ಐವರು ಎಂದಲ್ಲಿ ಇಬ್ಬರು. ಲೆಕ್ಕ ಸರಿಪಡಿಸಿದಾಗ ಹತ್ತು ವರ್ಷದ ಕುಸಿತ ನೂರಕ್ಕೆ ಮೂರರಷ್ಟೂ ಉಳಿಯಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿಯೊಂದು ಮೇಡಂ ಅವರ ಕಣ್ಣಿಗೆ ಬಿದ್ದಿತು: ನಾಲ್ಕು ಅಂಗಡಿ ಒಬ್ಬನನ್ನು ಹಂಚಿಕೊಳ್ಳುತ್ತವೆಂದರೆ ಅಲ್ಲಿ ಕೊರತೆಯಿರುವುದು ಕೆಲಸಕ್ಕಲ್ಲ, ಮನುಷ್ಯರಿಗೆ. ಮೂವತ್ತು ವರ್ಷ ನಮ್ಮ ವರದಿಗಳು ಇಲ್ಲದ ಜನರನ್ನು ಇದ್ದಾರೆಂದು ತೋರಿಸಿ, ಆ ಕೊರತೆಯನ್ನು ಮುಚ್ಚಿಟ್ಟಿದ್ದವು.

ಇದನ್ನು ಹೇಳಬೇಕಾದರೆ ನೀಲಿ ಪುಸ್ತಕ ತಪ್ಪೆಂದು ಹೇಳಬೇಕಿತ್ತು. ಆ ಹೊತ್ತಿಗೆ ನೀಲಿ ಪುಸ್ತಕಕ್ಕೆ ರಾಜ್ಯದ ಅತ್ಯುತ್ತಮ ಅಂಕಿಅಂಶ ಕೃತಿಯೆಂಬ ಗೌರವ ಕೊಡಲು ಶಿಫಾರಸು ಹೋಗಿತ್ತು. ನಿವೃತ್ತಿಯ ದಿನ ಅದರ ಹೊಸ ಮುದ್ರಣ ತರಲು ಅಚ್ಚಿನ ಮನೆಗೂ ಹೇಳಿಯಾಗಿತ್ತು. ಈಗಿನ ನಿರ್ದೇಶಕರು ಒಳ್ಳೆಯವರು. ಮೇಡಂ ಅವರ ಮೇಲಿನ ಅಭಿಮಾನದಿಂದಲೇ ತಡೆಯಲು ನೋಡಿದರು.

"ಯೋಚನೆ ಮಾಡಿ ಮೇಡಂ. ಹೊರಡೋಕೆ ಮೂರು ತಿಂಗಳಿದೆ. ನಿಮ್ಮ ಪುಸ್ತಕ ನೀವೇ ಹರೀತೀರಾ? ಹೊಸ ಅಂಕಿಯಲ್ಲಿ ಏನೋ ಯಂತ್ರದ ದೋಷ ಅಂತ ಬರೆದುಬಿಡೋಣ, ತರಗತಿನೂ ಉಳಿಯುತ್ತೆ."

"ಯಂತ್ರ ಸರಿಯಾಗೇ ಇದೆ ಸರ್. ಸುಟ್ಟಿರೋದು ನನ್ನ ಕಾಯಿಲ್. ಮೇಲೆ ಬಣ್ಣ ಹೊಡೆದು ಕೊಟ್ರೆ ಆ ಬೀದಿಯವರು ಮೂಸಿ ನೋಡೇ ಹೇಳ್ತಾರೆ."

ನಾಲ್ಕು ಪುಟಗಳ ತಿದ್ದುಪಡಿಯನ್ನು ಅವರೇ ಕೂತು ಬರೆದರು. ಅದರ ಮೊದಲ ವಾಕ್ಯ: "ಈ ತಪ್ಪು ನನ್ನದು." ಗೌರವದ ಶಿಫಾರಸು ವಾಪಸ್ಸಾಯಿತು. ಹೊಸ ಮುದ್ರಣ ನಿಂತಿತು. ಪತ್ರಿಕೆಯೊಂದು ಮೂವತ್ತು ವರ್ಷದ ಸುಳ್ಳು ಲೆಕ್ಕ ಎಂದು ದಪ್ಪಕ್ಷರದಲ್ಲಿ ಬರೆಯಿತು. ಆ ದಿನ ಊಟದ ವೇಳೆಯಲ್ಲಿ ಮೇಡಂ ಆ ಪತ್ರಿಕೆಯಲ್ಲಿ ಅಂಕಿಗಳನ್ನು ಸರಿಯಾಗಿ ಅಚ್ಚು ಮಾಡಿದ್ದಾರೆಯೇ ಎಂದು ಪೆನ್ನು ಹಿಡಿದು ನೋಡುತ್ತಿದ್ದರು. ತರಬೇತಿ ಇಲಾಖೆಯವರು ಒಂದು ತಿಂಗಳು ಸುಮ್ಮನಿದ್ದರು. ಆಮೇಲೆ ಎರಡೇ ಸಾಲಿನ ಪತ್ರ ಬಂದಿತು: ಮುಚ್ಚುವ ಆದೇಶ ರದ್ದಾಗಿದೆ, ತರಗತಿಗಳು ಮುಂದುವರಿಯುತ್ತವೆ. ಕೃತಜ್ಞತೆಯ ಒಂದು ಪದವೂ ಅದರಲ್ಲಿರಲಿಲ್ಲ. ನಮಗೆ ಕೋಪ ಬಂದಿತು, ಅವರಿಗೆ ಬರಲಿಲ್ಲ.

ನಿವೃತ್ತಿಯ ದಿನ ಮಧ್ಯಾಹ್ನ, ಹಾರ ಭಾಷಣಗಳೆಲ್ಲ ಮುಗಿಯುತ್ತಿದ್ದಂತೆ, ಸಭಾಂಗಣದ ಬಾಗಿಲಲ್ಲಿ ತಂತಿಯಣ್ಣನ ಮಗಳು ಟೇಬಲ್ ಫ್ಯಾನು ಹಿಡಿದು ನಿಂತಿದ್ದಳು. ಕಾಯಿಲ್ ಕಟ್ಟಿದ್ದು ತಾನೇ, ಅಪ್ಪ ಪಕ್ಕದಲ್ಲಿ ಕೂತು ಬೆರಳಲ್ಲಿ ಸವರಿ ನೋಡಿದರಷ್ಟೇ ಎಂದಳು. ರಿಪೇರಿಯಾದ ಸಾಮಾನಿಗೆ ಅಂಗಡಿಯ ಹೆಸರಿನ ಚೀಟಿ ಕಟ್ಟುವುದು ಆ ಬೀದಿಯ ರೂಢಿ. ಈ ಚೀಟಿಯಲ್ಲಿ ಅಂಗಡಿಯ ಹೆಸರಿನ ಕೆಳಗೆ ಅವಳ ಸಹಿಯೂ ಇತ್ತು. ಮೇಡಂ ಫ್ಯಾನನ್ನು ವೇದಿಕೆಯ ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಅದು ತಿರುಗಿತು, ಸನ್ಮಾನ ಪತ್ರ ಹಾರಿ ನಿರ್ದೇಶಕರ ಕಾಲ ಬಳಿ ಬಿದ್ದಿತು. ಯಾರೂ ಅದನ್ನು ಎತ್ತಿಕೊಳ್ಳುವ ಮೊದಲೇ ಮೇಡಂ ಚೀಲದಿಂದ ನಮೂನೆಯೊಂದನ್ನು ತೆಗೆದು, ಕನ್ನಡಕ ಏರಿಸಿ, ಹುಡುಗಿಯನ್ನೇ ಕೇಳಿದರು:

"ನೀನು ವಾರಕ್ಕೆ ಎಷ್ಟು ಅಂಗಡೀಲಿ ಕೂರ್ತೀಯಮ್ಮ?"

"ಸದ್ಯಕ್ಕೆ ಒಂದೇ ಮೇಡಂ. ಭಾನುವಾರ ಮಾತ್ರ. ಕ್ಲಾಸ್ ಇದೆಯಲ್ಲ."

ಮೇಡಂ ಒಂದು ಎಂದು ಬರೆದುಕೊಂಡರು. ಒಂದೇ ಸಲ ಬರೆದುಕೊಂಡರು. ಅವರ ಸೇವಾವಧಿಯ ಕೊನೆಯ ಬರಹ ಅದೇ. ಆ ನಮೂನೆ ಈಗ ನಮ್ಮ ಕಚೇರಿಯ ಬೀರುವಿನಲ್ಲಿದೆ.

ನೀಲಿ ಪುಸ್ತಕದ ಮುನ್ನುಡಿಯನ್ನು ಈ ಸಂಪುಟದ ಕೊನೆಗೆ ಸೇರಿಸಬೇಕೆಂದು ಸಂಪಾದಕ ಸಮಿತಿ ಬಯಸಿತ್ತು. ಮೇಡಂ ಅದರ ಬದಲು ತಿದ್ದುಪಡಿಯ ಆ ನಾಲ್ಕು ಪುಟಗಳನ್ನು ಕಳಿಸಿದರು. ಓದುಗರು ಅವನ್ನು ಅಲ್ಲಿ ನೋಡಬಹುದು. ನಮ್ಮ ಈ ಲೇಖನಕ್ಕಿಂತ ಅವು ಅವರನ್ನು ಚೆನ್ನಾಗಿ ಪರಿಚಯಿಸುತ್ತವೆ.

ಹಿರಿಯರನ್ನು ಬೀಳ್ಕೊಡುವಾಗ ಅವರ ಮನೆಯಲ್ಲಿ ಎಲ್ಲವೂ ಸರಿಯಾಗಿರಲಿ ಎಂದು ಹಾರೈಸುವುದು ವಾಡಿಕೆ. ನಾವು ಹಾಗೆ ಹಾರೈಸಲಾರೆವು. ಎಲ್ಲವೂ ಸರಿಯಿದ್ದರೆ ಮೇಡಂ ಯಾವ ನೆಪದಲ್ಲಿ ಬೀದಿಗಿಳಿದಾರು, ಯಾವ ಪರದೆ ಸರಿಸಿ ಯಾರನ್ನು ಮಾತಾಡಿಸಿಯಾರು? ಅವರು ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ. ಅವರ ಅತ್ತೆಯವರ ಮಂಡಿಯೂ ಗಟ್ಟಿಯಾಗಿರಲಿ. ಆದರೆ ಆ ಮನೆಯಲ್ಲಿ ಸದಾ ಯಾವುದಾದರೊಂದು ಸಾಮಾನು ಕೆಟ್ಟಿರಲಿ. ಮೊನ್ನೆ ಫೋನು ಮಾಡಿ ವಿಚಾರಿಸಿದೆವು. ಗೋಡೆ ಗಡಿಯಾರ ನಿಂತಿದೆಯಂತೆ, ಮೇಡಂ ಮನೆಯಲ್ಲಿಲ್ಲವಂತೆ. ಕೇಳಿ ತುಂಬ ಸಂತೋಷವಾಯಿತು.